ದಿಟದ ಮಾತು, ದಿಟವಲ್ಲದ ಅರಿವು

ಸುಳ್ಳನ್ನು ಸುಳ್ಳೆಂದು ತಿಳಿದೇ ನುಡಿಯುವವನ ವಿಷಯದಲ್ಲಿ ಹೆಚ್ಚು ವಿಚಾರ ಮಾಡಬೇಕಾದುದಿಲ್ಲ. ಅವನ ದೋಷ ಅವನಿಗೇ ಗೊತ್ತು. ಆದರೆ ಸತ್ಯವನ್ನೇ ಅರಸಿ ಹೊರಟು, ಹಗಲಿರುಳು ದುಡಿದು, ಕಂಡುದನ್ನು ಕಂಡಂತೆ ನುಡಿಯುತ್ತಿದ್ದೇನೆಂಬ ನಿಶ್ಚಯದಿಂದ ನುಡಿದವನ ಮಾತು ತಪ್ಪಾಗಿದ್ದರೆ ಅವನನ್ನು ಏನೆನ್ನಬೇಕು? ಇದಕ್ಕಿಂತ ತೊಡಕಿನ ಪ್ರಶ್ನೆ ಇನ್ನೊಂದುಂಟು. ಆ ತಪ್ಪು ಮಾತೇ ಕಾಲಾಂತರದಲ್ಲಿ, ಬೇರೆಯವರು ಬೇರೆ ದಾರಿಯಿಂದ ಕಂಡ ಸಂಗತಿಗೆ ಹೊಂದಿಕೊಂಡುಬಿಟ್ಟರೆ, ಅವನು ಮೊದಲೇ ಸತ್ಯವನ್ನು ಅರಿತಿದ್ದನೆಂದು ಹೇಳಬಹುದೆ?

ನಮ್ಮ ತರ್ಕಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿದ್ದಾರೆ. ಬೆಟ್ಟದ ಮೇಲೆ ಹೊಗೆ ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ. ಇದು ಎಲ್ಲರೂ ಬಲ್ಲ ಅನುಮಾನ. ಈಗ ಒಬ್ಬನು ಬೆಳಗಿನ ಮಂಜನ್ನು ಕಂಡು ಹೊಗೆಯೆಂದು ಭ್ರಮಿಸಿ, ‘ಬೆಟ್ಟದಲ್ಲಿ ಬೆಂಕಿಯಿದೆ’ ಎಂದನೆನ್ನಿ. ಆ ಬೆಟ್ಟದ ಆಚೆಯ ಮಗ್ಗುಲಿನಲ್ಲಿ, ಅವನ ಕಣ್ಣಿಗೆ ಬೀಳದ ಕಡೆ, ದನಗಾಹಿಗಳು ನಿಜವಾಗಿಯೂ ಬೆಂಕಿ ಹಾಕಿಕೊಂಡು ಕುಳಿತಿದ್ದಾರೆ. ಮಾತು ವಸ್ತುಸ್ಥಿತಿಗೆ ಸರಿಹೊಂದಿತು. ಆದರೆ ಅವನಿಗೆ ಬೆಂಕಿಯ ಅರಿವು ಆಗಿತ್ತೆ? 12ನೆಯ ಶತಮಾನದ ಶ್ರೀಹರ್ಷನು ತನ್ನ ಖಂಡನಖಂಡಖಾದ್ಯದಲ್ಲಿ ಇಂಥ ಪ್ರಸಂಗಗಳನ್ನು ಮುಂದಿಟ್ಟೇ ನೈಯಾಯಿಕರ ಪ್ರಮಾಲಕ್ಷಣವನ್ನು ಅಲುಗಿಸಿದನು. ಇದು ಪಂಡಿತರ ವಾಗ್ವಿಲಾಸವಷ್ಟೆ, ಸಂಸಾರಿಗಳಿಗೆ ಇದರಿಂದ ಆಗಬೇಕಾದುದೇನು ಎಂದು ಕೇಳುವವರುಂಟು. ಹಾಗೆ ಕೇಳುವವರು ಆಕಾಶದ ಒಂದು ಚಿಕ್ಕ ಕೆಂಪು ತಾರೆಯ ಕಥೆಯನ್ನು ಕೇಳಬೇಕು. ಅಲ್ಲಿ ಮಂಜು, ಹೊಗೆ, ಬೆಂಕಿ ಮೂರೂ ಇವೆ; ಒಬ್ಬ ಸಜ್ಜನ ವಿದ್ವಾಂಸನ ಇಡೀ ಬಾಳೂ ಇದೆ.

ಆ ತಾರೆ ಇರುವುದು ವೃಶ್ಚಿಕ ರಾಶಿಯ ಉತ್ತರಕ್ಕೆ, ಹಾವನ್ನು ಹಿಡಿದು ನಿಂತ ಪುರುಷನೆಂದು ಗ್ರೀಕರು ಕಲ್ಪಿಸಿದ ಒಫಿಯೂಕಸ್ ಎಂಬ ನಕ್ಷತ್ರಮಂಡಲದಲ್ಲಿ. ಭೂಮಿಯಿಂದ ಅದರ ದೂರ ಸುಮಾರು 6 ಜ್ಯೋತಿರ್ವರ್ಷ. ಅಂದರೆ ಇಂದು ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬಂದು ಮುಟ್ಟುವುದು ಆರು ವರ್ಷಗಳ ಮೇಲೆ. ಆಲ್ಫಾ ಸೆಂಟಾರಿ ಎಂಬ ಮೂರು ತಾರೆಗಳ ಗುಂಪನ್ನು ಬಿಟ್ಟರೆ ಸೂರ್ಯನಿಗೆ ಇದಕ್ಕಿಂತ ಹತ್ತಿರದ ನೆರೆಯ ತಾರೆ ಇಲ್ಲ. ಇಷ್ಟು ಹತ್ತಿರವಿದ್ದೂ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಏಕೆಂದರೆ ಅದು ಕೆಂಪು ಕುಬ್ಜವೆಂಬ ಜಾತಿಯ ನಕ್ಷತ್ರ. ಅದರ ದ್ರವ್ಯರಾಶಿ ಸೂರ್ಯನದರ ಆರರಲ್ಲೊಂದು ಪಾಲು, ಅಡ್ಡಳತೆ ಐದರಲ್ಲೊಂದು ಪಾಲು. ಬೆಳಕಾದರೋ ಸುಮಾರು 300ರಲ್ಲಿ ಒಂದು ಪಾಲು. ಉರಿಯುವ ಒಲೆಯಲ್ಲ, ಬೂದಿ ಮುಚ್ಚಿದ ಕೆಂಡ. ಮೆಲ್ಲಗೆ ಉರಿಯುವುದರಿಂದಲೇ ಇಂಥ ತಾರೆಗಳ ಆಯುಷ್ಯ ದೀರ್ಘವಾದುದು. ನಮ್ಮ ಸೂರ್ಯನಿಗಿಂತ ಮೊದಲೇ ಹುಟ್ಟಿದ ಇದು ಸೂರ್ಯನು ಆರಿದ ಮೇಲೂ ಬಹುಕಾಲ ಉರಿಯುತ್ತಿರುವುದು.

ಇದನ್ನು ಗುರುತಿಸಿದವರು ಅಮೆರಿಕೆಯ ಎಡ್ವರ್ಡ್ ಎಮರ್ಸನ್ ಬರ್ನಾರ್ಡರು. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು, ಬಡತನದ ದೆಸೆಯಿಂದ ಒಂಬತ್ತನೆಯ ವಯಸ್ಸಿಗೇ ಛಾಯಾಚಿತ್ರದ ಅಂಗಡಿಯಲ್ಲಿ ದುಡಿಯಲು ಸೇರಿದವರು. ಶಾಲೆಯ ಮುಖ ಕಂಡದ್ದೇ ಅಪರೂಪ. 1916ರಲ್ಲಿ ಅವರು ಆ ವರ್ಷ ತೆಗೆದ ಗಾಜಿನ ಫಲಕವನ್ನು 1894ರ ಫಲಕದೊಡನೆ ಹೋಲಿಸಿ ನೋಡುವಾಗ ಒಂದು ಚುಕ್ಕೆ ಜಾಗ ಬದಲಿಸಿದ್ದನ್ನು ಕಂಡರು. ನಕ್ಷತ್ರಗಳು ಸ್ಥಿರವೆಂಬ ಮಾತು ಸ್ಥೂಲವಾದುದು, ಅವೂ ಚಲಿಸುತ್ತವೆ. ಆದರೆ ಇದರಷ್ಟು ವೇಗವಾಗಿ ಆಕಾಶದಲ್ಲಿ ಸರಿಯುವ ಬೇರೊಂದು ತಾರೆ ಇಂದಿಗೂ ಗೊತ್ತಿಲ್ಲ. ವೇಗವೆಂದರೆ ಎಷ್ಟು? ಹುಣ್ಣಿಮೆಯ ಚಂದ್ರನ ಅಗಲದಷ್ಟು ಸರಿಯಲು ಅದಕ್ಕೆ ಸುಮಾರು 180 ವರ್ಷ ಬೇಕು. ಆಕಾಶದಲ್ಲಿ ಅವಸರವೆಂಬುದು ಇಷ್ಟೇ. ಅಂದಿನಿಂದ ಅದಕ್ಕೆ ಬರ್ನಾರ್ಡರ ತಾರೆ ಎಂದೇ ಹೆಸರು.

ಕಥೆಯ ನಾಯಕರು ಬರ್ನಾರ್ಡರಲ್ಲ. ಹಾಲೆಂಡ್ ದೇಶದಲ್ಲಿ 1901ರಲ್ಲಿ ಹುಟ್ಟಿ ಅಮೆರಿಕೆಗೆ ಬಂದು ನೆಲೆಸಿದ ಪೀಟರ್ ವಾನ್ ಡೆ ಕಾಂಪರು. ಅವರು 1937ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಸ್ವಾರ್ಥ್‌ಮೋರ್ ಕಾಲೇಜಿನ ಸ್ಪ್ರೌಲ್ ವೇಧಶಾಲೆಗೆ ಮುಖ್ಯಸ್ಥರಾದರು. ಸಂಗೀತದಲ್ಲಿ ನುರಿತವರು, ಪಿಯಾನೊ ನುಡಿಸುವವರು, ಕಾಲೇಜಿನ ವಾದ್ಯವೃಂದವನ್ನು ನಡೆಸಿದವರು. ಮರುವರ್ಷದಿಂದ ಅವರು ಬರ್ನಾರ್ಡರ ತಾರೆಯನ್ನು ಹಿಡಿದು ಕುಳಿತರು.

ಅವರು ಹುಡುಕುತ್ತಿದ್ದುದು ಆ ತಾರೆಯ ಗ್ರಹಗಳನ್ನು. ಗ್ರಹವು ತನ್ನ ಸೂರ್ಯನ ಸುತ್ತ ತಿರುಗುತ್ತದೆಂದು ಹೇಳುವ ವಾಡಿಕೆಯಿದ್ದರೂ, ನಿಜವಾಗಿ ಎರಡೂ ಒಂದು ಸಾಮಾನ್ಯ ಕೇಂದ್ರದ ಸುತ್ತ ತಿರುಗುತ್ತವೆ. ತಂದೆ ಮಗುವಿನ ಕೈಹಿಡಿದು ಬುಗುರಿಯಾಡಿಸುವಾಗ ತಂದೆಯ ಮೈಯೂ ತುಸು ಓಲಾಡುವುದಿಲ್ಲವೆ? ಮಗು ಕಾಣದಷ್ಟು ದೂರದಲ್ಲಿ ನಿಂತವನು ತಂದೆಯ ಓಲಾಟವನ್ನು ನೋಡಿ ಮಗುವಿದೆಯೆಂದು ಊಹಿಸಬಹುದು. ಅಂತೆಯೇ ಕಾಣದ ಗ್ರಹವನ್ನು ತಾರೆಯ ಓಲಾಟದಿಂದ ತಿಳಿಯಬಹುದು. ಓಲಾಟವೆಂಬುದು ಹೊಗೆ, ಗ್ರಹವೆಂಬುದು ಬೆಂಕಿ.

ಆದರೆ ಆ ಓಲಾಟ ಎಷ್ಟು ಸಣ್ಣದು! ಗಾಜಿನ ಫಲಕದ ಮೇಲೆ ಅದು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಇಂಥದನ್ನು ಅಳೆಯಲು ಹೊರಟವರ ತಾಳ್ಮೆಯನ್ನು ಬಲ್ಲವರೇ ಬಲ್ಲರು. 24 ಅಂಗುಲದ ಮಸೂರವುಳ್ಳ ಒಂದೇ ದೂರದರ್ಶಕದಿಂದ, ವರ್ಷದ ಮೇಲೆ ವರ್ಷ, ಚಳಿಯಲ್ಲಿ ಇರುಳೆಲ್ಲ ಎದ್ದು ಫಲಕಗಳನ್ನು ತೆಗೆದರು. ಒಬ್ಬನ ಕಣ್ಣನ್ನೇ ನಂಬಬಾರದೆಂದು ಹಲವರಿಂದ ಅಳೆಯಿಸಿ ಸರಾಸರಿ ತೆಗೆದರು. 1963ರಲ್ಲಿ, 2,400ಕ್ಕೂ ಹೆಚ್ಚು ಫಲಕಗಳ ಆಧಾರದ ಮೇಲೆ, ಬರ್ನಾರ್ಡರ ತಾರೆಗೆ ಗುರುಗ್ರಹಕ್ಕಿಂತ ಒಂದೂವರೆ ಪಟ್ಟಿಗೂ ದೊಡ್ಡದಾದ, 24 ವರ್ಷಕ್ಕೊಮ್ಮೆ ಸುತ್ತುವ ಗ್ರಹವೊಂದಿದೆಯೆಂದು ಸಾರಿದರು. 1969ರಲ್ಲಿ, ಒಂದಲ್ಲ, ಎರಡು ಗ್ರಹಗಳು, ಎರಡೂ ಹೆಚ್ಚುಕಡಿಮೆ ಗುರುಗ್ರಹದ ಗಾತ್ರದವು, ಅವುಗಳ ಅವಧಿ 26 ಮತ್ತು 12 ವರ್ಷ ಎಂದರು. ಲೋಕ ಆನಂದಿಸಿತು. ಪಠ್ಯಪುಸ್ತಕಗಳಲ್ಲಿ ಆ ಗ್ರಹಗಳು ಸ್ಥಾನ ಪಡೆದವು. ಬ್ರಿಟನ್ನಿನಲ್ಲಿ 1973ರಲ್ಲಿ ನಕ್ಷತ್ರಲೋಕಕ್ಕೆ ಹೋಗುವ ನೌಕೆಯ ಯೋಜನೆಯೊಂದನ್ನು ಕಾಗದದ ಮೇಲೆ ಹೂಡಿದಾಗ ಅದರ ಗುರಿಯಾಗಿ ಆರಿಸಿದ್ದೂ ಈ ತಾರೆಯನ್ನೇ.

ಅದೇ 1973ರಲ್ಲಿ ಎರಡು ಕಡೆಯಿಂದ ಪ್ರತಿವಾದ ಬಂದಿತು. ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಕ್‌ಹಾರ್ನ್ ಎಂಬವರು ಬೇರೆ ಎರಡು ವೇಧಶಾಲೆಗಳಲ್ಲಿ ತೆಗೆದ 241 ಫಲಕಗಳನ್ನು ಅಳೆದು ನೋಡಿ, ಅಂಥ ಓಲಾಟ ಕಾಣಲಿಲ್ಲವೆಂದರು. ಎರಡನೆಯದು ವಾನ್ ಡೆ ಕಾಂಪರ ಸ್ವಂತ ವೇಧಶಾಲೆಯ ಒಳಗಿನಿಂದಲೇ ಎದ್ದಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಜಾನ್ ಹರ್ಷಿಯವರು ಅದೇ ದೂರದರ್ಶಕದಿಂದ ತೆಗೆದ ಬೇರೊಂದು ತಾರೆಯ ಫಲಕಗಳನ್ನು ಅಳೆದರು. ಆ ತಾರೆಯೂ 1949ರಲ್ಲಿ ಒಮ್ಮೆ, 1957ರ ಸುಮಾರಿಗೆ ಒಮ್ಮೆ ನೆಗೆದಂತೆ ಕಂಡಿತು. ಬರ್ನಾರ್ಡರ ತಾರೆ ಓಲಾಡಿದ ಕಾಲವೂ ಅದೇ. ಎಲ್ಲಿಯೋ ದೂರ ದೂರ ಇರುವ ಎರಡು ನಕ್ಷತ್ರಗಳು ಒಂದೇ ವರ್ಷ ಒಟ್ಟಿಗೆ ಹೆಜ್ಜೆ ಹಾಕುವುದುಂಟೆ? ವೇಧಶಾಲೆಯ ದಾಖಲೆಯನ್ನು ತೆಗೆದು ನೋಡಿದರೆ, 1949ರಲ್ಲಿ ಮಸೂರವನ್ನು ಕೂರಿಸಿದ ಚೌಕಟ್ಟನ್ನು ತೆಗೆದು ಎರಕದ ಕಬ್ಬಿಣದ ಹೊಸದನ್ನು ಹಾಕಿದ್ದರು. 1957ರಲ್ಲಿ ಮಸೂರವನ್ನು ಮತ್ತೆ ಸರಿಪಡಿಸಿದ್ದರು. ನಕ್ಷತ್ರ ಓಲಾಡಿರಲಿಲ್ಲ; ನೋಡುವ ಗಾಜು ಅಲುಗಿತ್ತು.

ಈ ಸಂಗತಿಯನ್ನು ತಕ್ಕಡಿ ಹಿಡಿದು ವ್ಯಾಪಾರ ಮಾಡುವವರು ಪಂಡಿತರಿಗಿಂತ ಬೇಗ ಗ್ರಹಿಸುವರು. ಧಾನ್ಯವನ್ನು ನೂರು ಸಲ ತೂಗಿದರೂ, ಹತ್ತು ಜನರಿಂದ ತೂಗಿಸಿದರೂ, ದಂಡಿಗೆಯೇ ವಾರೆಯಾಗಿದ್ದರೆ ನೂರು ಸಲವೂ ಅದೇ ತಪ್ಪು ಬರುವುದು. ಮಾತ್ರವಲ್ಲ, ನೂರು ಸಲ ಒಂದೇ ತೂಕ ಬಂದಿತೆಂಬ ಧೈರ್ಯ ಬೇರೆ ಸೇರಿಕೊಳ್ಳುವುದು. ವಾರೆಯನ್ನು ಕಂಡುಹಿಡಿಯುವ ಉಪಾಯ ಎರಡೇ. ಒಂದು, ಬರಿದಾದ ತಕ್ಕಡಿಯನ್ನೇ ಎತ್ತಿ ನೋಡುವುದು, ಇಲ್ಲವೆ ತಟ್ಟೆಗಳನ್ನು ಅದಲುಬದಲು ಮಾಡುವುದು. ಹರ್ಷಿಯವರು ಮಾಡಿದ್ದು ಇದನ್ನು. ಇನ್ನೊಂದು, ನೆರೆಮನೆಯ ತಕ್ಕಡಿಯನ್ನು ತಂದು ತೂಗುವುದು. ಗೇಟ್‌ವುಡ್ಡರು ಮಾಡಿದ್ದು ಇದನ್ನು. ವಾನ್ ಡೆ ಕಾಂಪರು ಕಣ್ಣಿನ ದೋಷಕ್ಕೆ ಕಾವಲಿಟ್ಟಿದ್ದರು. ಮಸೂರದ ದೋಷಕ್ಕೆ ಇಟ್ಟಿರಲಿಲ್ಲ.

ಇಲ್ಲಿಯವರೆಗೆ ಅವರಲ್ಲಿ ನೈತಿಕವಾದ ಯಾವ ದೋಷವನ್ನೂ ಎಣಿಸಲಾಗದು. ತಪ್ಪು ಕಾಣುವುದು ಪಾಪವಲ್ಲ. ತಿಮಿರರೋಗವುಳ್ಳವನಿಗೆ ಎರಡು ಚಂದ್ರರು ಕಂಡರೆ ಅವನು ಸುಳ್ಳುಗಾರನಾಗುವನೆ? ಅವನು ಕಂಡುದನ್ನೇ ಹೇಳಿದನು. ಪ್ರಶ್ನೆ ಹುಟ್ಟುವುದು, ‘ನಿನ್ನ ಕಣ್ಣಿಗೆ ರೋಗವಿದೆ’ ಎಂದು ಇತರರು ತೋರಿಸಿಕೊಟ್ಟ ಮೇಲೆ.

ವಾನ್ ಡೆ ಕಾಂಪರು ಒಪ್ಪಲಿಲ್ಲ. ಒಪ್ಪಲಿಲ್ಲವೆಂದರೆ ಕಿವಿ ಮುಚ್ಚಿಕೊಂಡರೆಂದಲ್ಲ. 1949ರ ಬದಲಾವಣೆಯನ್ನು ಗಣನೆಗೆ ತಂದು ಮತ್ತೆ ಲೆಕ್ಕ ಹಾಕಿದರು. ಗ್ರಹಗಳು ಚಿಕ್ಕವಾದವು, ಅವಧಿಗಳು ಬದಲಾದವು, ಆದರೆ ಗ್ರಹಗಳು ಹೋಗಲಿಲ್ಲ. 1982ರಲ್ಲಿಯೂ, ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, 12 ಮತ್ತು 20 ವರ್ಷಗಳ ಅವಧಿಯ ಎರಡು ಗ್ರಹಗಳಿವೆಯೆಂದೇ ಪ್ರಕಟಿಸಿದರು. ಅವರ ಪೀಠಕ್ಕೆ ಬಂದ ವುಲ್ಫ್ ಹೈಂಟ್ಸರು ಅದೇ ಫಲಕಗಳನ್ನು ಪರೀಕ್ಷಿಸಿ ಗ್ರಹಗಳಿಗೆ ಆಧಾರವಿಲ್ಲವೆಂದರು. ಅವರಿಬ್ಬರ ನಡುವೆ ಮೊದಲಿನ ಸ್ನೇಹ ಉಳಿಯಲಿಲ್ಲ. 1995ರಲ್ಲಿ ಅವರು ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡರು. ಸೂರ್ಯನಂಥ ಇನ್ನೊಂದು ತಾರೆಗೆ ಗ್ರಹವಿರುವುದು ಮೊಟ್ಟಮೊದಲು ಖಚಿತವಾದುದು ಅದೇ ವರ್ಷ, ಅವರು ಹೋದ ಕೆಲವೇ ತಿಂಗಳ ಮೇಲೆ.

ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಹೊರಗಿನವರು ಹೇಳಲಾಗದು. ಆದರೆ ಅವರ ಸ್ಥಾನದಲ್ಲಿ ತನ್ನನ್ನು ಇಟ್ಟುಕೊಂಡು ನೋಡುವುದು ಪ್ರತಿಯೊಬ್ಬನಿಗೂ ಸಾಧ್ಯ. ಮೂವತ್ತು ನಲವತ್ತು ವರ್ಷ ಒಂದೇ ಕಾಯಕವನ್ನು ನಿಷ್ಠೆಯಿಂದ ನಡೆಸಿದವನಿಗೆ ಆ ಕಾಯಕದ ಫಲವು ಹೊರಗಿನ ವಸ್ತುವಾಗಿ ಉಳಿಯುವುದಿಲ್ಲ. ಅದು ಅವನ ಮೈಯ ಭಾಗವೇ ಆಗುತ್ತದೆ. ‘ಗ್ರಹವಿದೆ’ ಎಂಬ ಮಾತು ಮೆಲ್ಲಗೆ ‘ನನ್ನ ಗ್ರಹವಿದೆ’ ಎಂದಾಗುತ್ತದೆ. ಆಮೇಲೆ ಅದನ್ನು ಬಿಡುವುದೆಂದರೆ ಒಂದು ಮಾತನ್ನು ಬಿಡುವುದಲ್ಲ, ಚಳಿಯಲ್ಲಿ ಕಳೆದ ಅಷ್ಟೂ ಇರುಳುಗಳನ್ನು ಬಿಡುವುದು. ದುಡಿಮೆಯೇ ಇಲ್ಲಿ ತೊಡಕಾಯಿತೆಂಬುದು ಕಟುವಾದ ಮಾತು, ಆದರೆ ಹೇಳಬೇಕಾದ ಮಾತು. ಸೋಮಾರಿಗೆ ತನ್ನ ಅಭಿಪ್ರಾಯವನ್ನು ಬಿಡುವುದು ಸುಲಭ. ಅದಕ್ಕಾಗಿ ಅವನು ಏನನ್ನೂ ತೆತ್ತಿಲ್ಲ. ಸಂಸಾರದಲ್ಲಿಯೂ ಇದು ಅಪರೂಪವಲ್ಲ. ಮಗನನ್ನು ಬಾಲ್ಯದಿಂದ ಬಲ್ಲೆನೆನ್ನುವ ತಂದೆ, ಸೊಸೆಯ ಸ್ವಭಾವವನ್ನು ಮೊದಲ ದಿನವೇ ತೂಗಿದೆನೆನ್ನುವ ಅತ್ತೆ, ಇವರ ಮುಂದೆ ಎಷ್ಟು ಸಾಕ್ಷ್ಯ ಇಟ್ಟರೂ ಲೆಕ್ಕ ತುಸು ಬದಲಾಗುವುದೇ ಹೊರತು ತೀರ್ಮಾನ ಬದಲಾಗುವುದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಸಾಮಾನ್ಯ ದೃಷ್ಟಾಂತವಾಗುತ್ತಿತ್ತು. ಮುಂದೆ ನಡೆದುದು ಇನ್ನೂ ವಿಚಾರಯೋಗ್ಯವಾಗಿದೆ. ಓಲಾಟವನ್ನು ಅಳೆಯಲು ಈಗ ಬೇರೆ ಉಪಾಯವಿದೆ. ತಾರೆಯು ನಮ್ಮ ಕಡೆಗೆ ಬರುವಾಗ ಅದರ ಬೆಳಕಿನ ವರ್ಣಪಟಲದ ರೇಖೆಗಳು ನೀಲಿಯತ್ತಲೂ, ದೂರ ಸರಿಯುವಾಗ ಕೆಂಪಿನತ್ತಲೂ ಕೂದಲೆಳೆಯಷ್ಟು ಜರುಗುತ್ತವೆ. ರೈಲು ಹತ್ತಿರ ಬರುವಾಗ ಅದರ ಕೂಗು ಏರಿದಂತೆಯೂ ದಾಟಿ ಹೋದ ಮೇಲೆ ಇಳಿದಂತೆಯೂ ಕೇಳುವುದು ಈ ನಿಯಮದಿಂದಲೇ. 2018ರಲ್ಲಿ ಇಗ್ನಾಸಿ ರಿಬಾಸರ ನೇತೃತ್ವದ ದೊಡ್ಡ ತಂಡವೊಂದು, 20 ವರ್ಷಗಳ 771 ಅಳತೆಗಳನ್ನು ಕೂಡಿಸಿ, ಬರ್ನಾರ್ಡರ ತಾರೆಗೆ 233 ದಿನಕ್ಕೊಮ್ಮೆ ಸುತ್ತುವ, ಭೂಮಿಯ ಮೂರು ಪಟ್ಟಿಗೂ ಭಾರವಾದ ಗ್ರಹವೊಂದಿದೆಯೆಂದು ತಿಳಿಸಿತು. ಈ ಸಲ ಒಂದೇ ಯಂತ್ರವನ್ನು ನಂಬಿರಲಿಲ್ಲ, ಹಲವು ಯಂತ್ರಗಳಿದ್ದವು. ಆದರೂ 2021ರಲ್ಲಿ ಜ್ಯಾಕ್ ಲೂಬಿನ್ ಮತ್ತು ಸಂಗಡಿಗರು ಅದೂ ಗ್ರಹವಲ್ಲವೆಂದು ತೋರಿಸಿದರು. ಆ ತಾರೆ ತನ್ನ ಮೈಯನ್ನು ಒಮ್ಮೆ ತಿರುಗಿಸಲು ಸುಮಾರು 145 ದಿನ ಹಿಡಿಯುತ್ತದೆ. ಅದರ ಮೈಮೇಲಿನ ಕಲೆಗಳು ಮರೆಯಾಗಿ ಮತ್ತೆ ಎದುರು ಬರುವ ತಾಳವೂ, ವರ್ಷಕ್ಕೊಮ್ಮೆ ಬರುವ ವೀಕ್ಷಣೆಯ ಕಾಲದ ತಾಳವೂ ಒಂದರೊಡನೊಂದು ಬೆರೆತು 233 ದಿನಗಳ ಹುಸಿ ತಾಳವನ್ನು ಹುಟ್ಟಿಸಿದ್ದವು. ಮೊದಲ ಭ್ರಾಂತಿ ನೋಡುವ ಗಾಜಿನದು, ಎರಡನೆಯದು ನೋಡಲ್ಪಟ್ಟ ತಾರೆಯ ಮೈಯ ಕಲೆಯದು.

ಮೂರನೆಯ ಸಲ ಕಂಡುದು ನಿಂತಿತು. ದಕ್ಷಿಣ ಅಮೆರಿಕೆಯ ಚಿಲಿ ದೇಶದ ಪರನಾಲ್ ಬೆಟ್ಟದ ಮೇಲೆ ಎಸ್ಪ್ರೆಸ್ಸೊ ಎಂಬ ಯಂತ್ರದಿಂದ ನೋಡಿದ ಹೋನಾಯ್ ಗೊನ್ಸಾಲೆಸ್ ಎರ್ನಾಂಡೆಸರ ತಂಡ 2024ರ ಅಕ್ಟೋಬರಿನಲ್ಲಿ, ಮೂರು ದಿನಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಸುತ್ತುವ ಪುಟ್ಟ ಗ್ರಹವೊಂದನ್ನು ಪ್ರಕಟಿಸಿ, ಇನ್ನು ಮೂರರ ಸುಳಿವಿದೆಯೆಂದು ಮಾತ್ರ ಹೇಳಿತು. ಇದೇ ಗೊನ್ಸಾಲೆಸ್ ಎರ್ನಾಂಡೆಸರು 2018ರ ಪ್ರಬಂಧದ ಲೇಖಕರಲ್ಲಿಯೂ ಒಬ್ಬರಾಗಿದ್ದರು. ಹೊಸ ಪ್ರಬಂಧದಲ್ಲಿ ಅವರು 233 ದಿನಗಳ ಗ್ರಹಕ್ಕೆ ತಮ್ಮ ಅಳತೆಗಳಲ್ಲಿ ಬೆಂಬಲ ದೊರೆಯಲಿಲ್ಲವೆಂದು ಬರೆದರು. ಪತ್ರಿಕೆಗಳು ಹೊಸ ಗ್ರಹವನ್ನು ಕೊಂಡಾಡಿದವು; ಆ ಒಂದು ವಾಕ್ಯವನ್ನು ಕೊಂಡಾಡಿದವರು ಕಡಿಮೆ. 2025ರ ಮಾರ್ಚಿನಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಋತ್ವಿಕ್ ಬಸಂತ್ ಮತ್ತು ಸಂಗಡಿಗರು, ಹವಾಯಿ ದ್ವೀಪದ ಮೌನಾಕಿಯಾ ಶಿಖರದ ಮೇಲೆ ಮರೂನ್-ಎಕ್ಸ್ ಎಂಬ ಬೇರೊಂದು ಯಂತ್ರದಿಂದ ಮೂರು ವರ್ಷಗಳಲ್ಲಿ 112 ಇರುಳು ನೋಡಿ, ಎಲ್ಲ ಸೇರಿ ನಾಲ್ಕು ಗ್ರಹಗಳಿರುವುದನ್ನು ಸ್ಥಿರಪಡಿಸಿದರು. ಅವು ಸುತ್ತುವ ಅವಧಿ ಸುಮಾರು 2.3, 3.2, 4.1 ಮತ್ತು 6.7 ದಿನ. ಅವುಗಳ ದೆಸೆಯಿಂದ ತಾರೆ ಓಲಾಡುವ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು, ಕೆಲವು ಅದಕ್ಕೂ ಕಡಿಮೆ. ಹೊರೆ ಹೊತ್ತ ಮುದುಕಿಯ ನಡೆಗಿಂತಲೂ ನಿಧಾನ. ಅದನ್ನು ಆರು ಜ್ಯೋತಿರ್ವರ್ಷದಾಚೆಯಿಂದ ಅಳೆದರು.

ಈಗ ಕೆಲವರು ಹೇಳುತ್ತಾರೆ: ‘ಕೊನೆಗೂ ವಾನ್ ಡೆ ಕಾಂಪರ ಮಾತೇ ನಿಜವಾಯಿತು, ಬರ್ನಾರ್ಡರ ತಾರೆಗೆ ಗ್ರಹಗಳಿವೆಯೆಂದು ಅವರು ಅಂದೇ ಹೇಳಿರಲಿಲ್ಲವೆ?’ ಹೇಳಿದ್ದು ನಿಜ. ಆದರೆ ಅವರು ಹೇಳಿದ ಗ್ರಹಗಳ ಅವಧಿ ವರ್ಷಗಳಲ್ಲಿ, ಇವುಗಳದು ದಿನಗಳಲ್ಲಿ. ಗುರುಗ್ರಹವು 318 ಭೂಮಿಗಳಷ್ಟು ಭಾರ. ಅವರ ಎರಡು ಗ್ರಹಗಳೂ ಸೇರಿದರೆ ಆರು ನೂರು ಭೂಮಿಗಳಾದವು. ಈಗ ಕಂಡ ನಾಲ್ಕರ ಅಳತೆಗಳನ್ನು ಕೂಡಿಸಿದರೆ ಒಂದು ಭೂಮಿಯಾಗುವುದು. ಅವರದು ದೂರದಲ್ಲಿ ಸುತ್ತುತ್ತಿದ್ದವು; ಇವೆಲ್ಲವೂ ಸೂರ್ಯನಿಂದ ಬುಧನಿಗಿರುವ ದೂರದ ಸುಮಾರು ಹತ್ತರಲ್ಲೊಂದು ಪಾಲಿನೊಳಗೆ, ಕೆಂಡಕ್ಕೆ ಮೈಯೊಡ್ಡಿಕೊಂಡಂತೆ ಇವೆ. ಬೆಟ್ಟದ ಈಚೆ ಮಂಜು ಕಂಡಿತ್ತು. ಬೆಂಕಿ ಇದ್ದದ್ದು ಆಚೆಯ ಮಗ್ಗುಲಿನಲ್ಲಿ. ‘ಗ್ರಹ’ ಎಂಬ ಹೆಸರೊಂದು ಎರಡಕ್ಕೂ ಸಾಮಾನ್ಯ. ಹೆಸರು ಕೂಡಿದ ಮಾತ್ರಕ್ಕೆ ಅರಿವು ಕೂಡದು.

ಲೌಕಿಕನು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು: ‘ಬೆಂಕಿಯಂತೂ ಇತ್ತಲ್ಲ! ಮಂಜನ್ನು ನೋಡಿ ಹೋದವನಿಗೂ ಚಳಿ ಕಾಯಿಸಿಕೊಳ್ಳಲು ಸಿಕ್ಕಿತು. ಅವನಿಗಾದ ನಷ್ಟವೇನು?’ ಆ ದಿನದ ಮಟ್ಟಿಗೆ ನಷ್ಟವಿಲ್ಲ. ಆದರೆ ನಾಳೆ ಬೆಳಿಗ್ಗೆ ಬೇರೊಂದು ಬೆಟ್ಟದಲ್ಲಿ ಮಂಜು ಕವಿದಾಗ ಅವನು ಅಕ್ಕಿ, ಮಡಕೆ ಹೊತ್ತು ಹೆಂಡತಿ ಮಕ್ಕಳೊಡನೆ ಹೊರಡುವನು. ನಿನ್ನೆ ಸಿಕ್ಕ ಬೆಂಕಿಯೇ ಅವನಿಗೆ ಇಂದಿನ ಪ್ರಮಾಣ. ಯಾರಾದರೂ ‘ಅದು ಮಂಜಪ್ಪಾ’ ಎಂದು ತಡೆದರೆ ಅವನು ಕೇಳುವನೆ? ತಪ್ಪು ದಾರಿಯಿಂದ ಹೋಗಿ ತಪ್ಪನ್ನೇ ಕಂಡವನಿಗೆ ಎಂದಾದರೂ ತಿಳಿವಳಿಕೆ ಬಂದೀತು. ತಪ್ಪು ದಾರಿಯಿಂದ ಹೋಗಿ ಅಕಸ್ಮಾತ್ತಾಗಿ ಊರು ಸೇರಿದವನನ್ನು ತಿದ್ದುವುದು ಬಹಳ ಕಷ್ಟ.

ಹಾಗೆಂದು ವಾನ್ ಡೆ ಕಾಂಪರ ದುಡಿಮೆ ವ್ಯರ್ಥವಾಯಿತೆನ್ನುವುದೂ ಸರಿಯಲ್ಲ. ಕಾಣದ ಗ್ರಹವನ್ನು ತಾರೆಯ ಓಲಾಟದಿಂದ ಹುಡುಕಬಹುದೆಂಬ ಆಸೆಯನ್ನು ಎರಡು ತಲೆಮಾರುಗಳಲ್ಲಿ ಉರಿಸಿಟ್ಟವರಲ್ಲಿ ಅವರೊಬ್ಬರು. ಅವರ ಫಲಕಗಳು ಇದ್ದುದರಿಂದಲೇ ಅವರ ತಪ್ಪನ್ನು ತೋರಿಸಲು ಸಾಧ್ಯವಾಯಿತು. ಅವನ್ನು ಅವರು ಬಚ್ಚಿಡಲಿಲ್ಲ, ತಿದ್ದಲಿಲ್ಲ. ಪ್ರಾಮಾಣಿಕತೆಯ ಒಂದು ಅರ್ಧ ಅವರಲ್ಲಿ ಪೂರ್ಣವಾಗಿತ್ತು: ಕಂಡುದನ್ನು ಮರೆಮಾಚದಿರುವುದು. ಇನ್ನೊಂದು ಅರ್ಧ ಬೇರೆ ಜಾತಿಯದು, ಕಂಡೆನೆಂಬುದನ್ನೇ ಸಂಶಯಿಸುವುದು. ಅದಕ್ಕೆ ಬೇರೆಯವರ ಕಣ್ಣು ಬೇಕಾಗುತ್ತದೆ, ಮತ್ತು ಆ ಕಣ್ಣನ್ನು ಹಗೆಯೆಂದು ಎಣಿಸದ ಮನಸ್ಸು ಬೇಕಾಗುತ್ತದೆ. ಹರ್ಷಿಯವರು ಹೊರಗಿನ ಪ್ರತಿಸ್ಪರ್ಧಿಯಾಗಿರಲಿಲ್ಲ. ಅದೇ ಮನೆಯವರು, ಅದೇ ಗಾಜಿನಿಂದ ನೋಡಿದವರು.

ಈಗಿನ ನಾಲ್ಕು ಗ್ರಹಗಳ ವಿಷಯದಲ್ಲಿ ವಿದ್ವಾಂಸರು ಬಳಸುವ ಒಂದು ಪದವನ್ನು ವಾಚಕರು ಗಮನಿಸಬೇಕು. ಅವುಗಳ ಭಾರವನ್ನು ಹೇಳುವಾಗಲೆಲ್ಲ ಅವರು ‘ಕನಿಷ್ಠ’ ಎಂದು ಸೇರಿಸುತ್ತಾರೆ. ಆ ಗ್ರಹಗಳು ತಾರೆಯ ಮುಂದೆ ಅಡ್ಡಹಾದುದು ಇಲ್ಲಿಂದ ಕಂಡಿಲ್ಲ; ಅವುಗಳ ದಾರಿ ನಮ್ಮ ದೃಷ್ಟಿಗೆ ಎಷ್ಟು ಓರೆಯಾಗಿದೆಯೆಂಬುದು ಅಳತೆಗೆ ಸಿಕ್ಕಿಲ್ಲ. ಓರೆ ಹೆಚ್ಚಿದ್ದರೆ ಭಾರವೂ ಹೆಚ್ಚು. ಆದಕಾರಣ ಒಂದೊಂದು ಗ್ರಹದ ಎದುರಿಗೂ, ಭೂಮಿಯ ಐದರಲ್ಲೊಂದು ಪಾಲು, ಮೂರರಲ್ಲೊಂದು ಪಾಲು ಎಂಬ ಅಂಕಿಗಳ ಎದುರಿಗೂ, ‘ಕನಿಷ್ಠ’ ಎಂಬ ಆ ಪದವನ್ನು ತಪ್ಪದೆ ಬರೆದಿದ್ದಾರೆ.